ಗೋಡೆಗೆ ಅಂಟಿಸಿದ ಹಾಳೆ

ಅಡಿಗೆಮನೆಯ ಗೋಡೆಯಲ್ಲಿ ಕಿಟಕಿಯ ಮೂಲೆಯಿಂದ ನೆಲದವರೆಗೆ ಒಂದು ಬಿರುಕು ಇಳಿದಿತ್ತು. ಅದರ ಎದುರು ಸ್ಟೂಲು ಹಾಕಿಕೊಂಡು ಕುಳಿತ ಬುಕ್ ಬೈಂಡರ್ ಯಜಮಾನರಿಗೆ ಕಣ್ಣು ಮಿಟುಕಿಸಲೂ ಭಯ. ಅದೇ ಗೋಡೆಯ ಅಡಿಯಲ್ಲಿ, ತಳಪಾಯದ ಕಲ್ಲುಗಳ ಕೆಳಗೆ, ಅವರ ಹೆಂಡತಿಯ ತಮ್ಮ ಹೊಟ್ಟೆಯ ಮೇಲೆ ಮಲಗಿ ಮಣ್ಣು ಕೊರೆಯುತ್ತಿದ್ದ.

ಮನೆಯ ಕೊಳಕು ನೀರು ಹೋಗುವ ಹಳೆಯ ಮಣ್ಣಿನ ಪೈಪು ತಳಪಾಯದ ಕೆಳಗೇ ಒಡೆದಿತ್ತು. ಎಷ್ಟು ದಿನದಿಂದಲೋ ನೀರು ಕುಡಿದು ಕುಡಿದು ಅಲ್ಲಿನ ಮಣ್ಣು ಕೊಳೆತ ಹಣ್ಣಿನಂತಾಗಿತ್ತು. ನೆಲ ತಗ್ಗಿ ಗೋಡೆ ಬಿರುಕು ಬಿಟ್ಟ ಮೇಲೆಯೇ ವಿಷಯ ಗೊತ್ತಾದದ್ದು. ಹೆಂಡತಿಯ ತಮ್ಮ ಪೈಪಿನ ಕೆಲಸದವನು. ಮನೆಗಳ ಕೆಳಗೆ ತೂರುವುದರಲ್ಲಿ ಅವನಿಗೆ ಸಮನಿಲ್ಲವೆಂದು ಅಕ್ಕ ಅವನನ್ನು 'ಹೆಗ್ಗಣ' ಎಂದೇ ಕರೆಯುತ್ತಿದ್ದಳು. ಅಕ್ಕ ತೀರಿಕೊಂಡು ಐದು ತಿಂಗಳಾಗಿತ್ತು. ಆ ಹೆಸರು ಮನೆಯಲ್ಲಿ ಹಾಗೇ ಉಳಿದಿತ್ತು.

ಅವನು ಹಿತ್ತಲಲ್ಲಿ ಎದೆಯುದ್ದದ ಗುಂಡಿ ತೋಡಿ, ಅಲ್ಲಿಂದ ಗೋಡೆಯ ಅಡಿಗೆ ಒಬ್ಬ ಮನುಷ್ಯ ನುಸುಳುವಷ್ಟು ಬಿಲ ಕೊರೆದಿದ್ದ. ಗುಂಡಿಯ ಬಾಯಲ್ಲಿ ಯಜಮಾನರ ಮಗಳು ನಿಂತು ಮಣ್ಣಿನ ಬಕೆಟ್ಟು ಎಳೆಯುತ್ತಿದ್ದಳು. ಸೋದರಮಾವನ ಸೊಂಟಕ್ಕೆ ಕಟ್ಟಿದ ಹಗ್ಗದ ತುದಿ ಅವಳ ಮುಂಗೈಗೆ ಸುತ್ತಿತ್ತು.

ಇಳಿಯುವ ಮುಂಚೆ ಅವನು ಹೇಳಿದ್ದ: "ಭಾವ, ಬಿರುಕಿಗೆ ಅಡ್ಡಲಾಗಿ ಒಂದು ತೆಳು ಕಾಗದ ಅಂಟಿಸಿ. ಗೋಡೆ ಕೂದಲೆಳೆಯಷ್ಟು ಜರುಗಿದ್ರೂ ಹರಿಯುತ್ತೆ. ಹರಿದ ತಕ್ಷಣ ಕೂಗಿ."

"ತೆಳು ಕಾಗದ ಎಲ್ಲಿಂದ ತರಲಿ? ಹಳೇ ಪೇಪರೆಲ್ಲ ನೆಲಕ್ಕೆ ಹಾಸಿ ಒದ್ದೆಯಾಯ್ತಲ್ಲ."

"ಅಕ್ಕ ಸಾಮಾನಿನ ಪಟ್ಟಿ ಬರೀತಿದ್ದ ಪುಸ್ತಕ ಅಲ್ಲೇ ಮೊಳೆಗೆ ತೂಗ್ತಿದೆಯಲ್ಲ, ಒಂದು ಹಾಳೆ ಕಿತ್ಕೊಳ್ಳಿ. ಈರುಳ್ಳಿ ಸಿಪ್ಪೆ ಹಾಗಿದೆ."

ಯಜಮಾನರು ಆ ಪುಸ್ತಕಕ್ಕೆ ಕೈ ಹಾಕಿದ್ದೂ ನಿಜ. ಹೆಂಡತಿಗೆ ಅದನ್ನು ಹೊಲಿದು ರಟ್ಟು ಕಟ್ಟಿಕೊಟ್ಟವರು ಅವರೇ. ಒಂದು ಹಾಳೆ ಕಿತ್ತರೆ ಹೊಲಿಗೆಯಾಚೆಯ ಅದರ ಜೋಡಿ ಹಾಳೆಯೂ ಸಡಿಲವಾಗುತ್ತದೆಂದು ಅವರಿಗಿಂತ ಚೆನ್ನಾಗಿ ಬಲ್ಲವರು ಯಾರು? ಮನಸ್ಸು ಬರಲಿಲ್ಲ. ಅಂಗಡಿ ಮುಚ್ಚಿದಾಗ ಮನೆಗೆ ತಂದಿದ್ದ ಬೈಂಡಿಂಗ್ ಕಾಗದದಲ್ಲಿ ಒಂದು ಪಟ್ಟಿ ಕತ್ತರಿಸಿದರು. ದಪ್ಪ, ಗಟ್ಟಿ ಕಾಗದ. ನಲವತ್ತು ವರ್ಷ ಹರಿಯದ ಹಾಗೆ ಅಂಟಿಸಿ ಪಳಗಿದ ಕೈ. ಹಿಟ್ಟಿನ ಅಂಟು ಸವರಿ, ಒಂದು ನೆರಿಗೆಯೂ ಇಲ್ಲದಂತೆ ಉಜ್ಜಿ ಕೂರಿಸಿದರು. ಅಷ್ಟರಲ್ಲಿ ಹೆಗ್ಗಣ ಗುಂಡಿಗೆ ಇಳಿದಾಗಿತ್ತು.

ಒಂದು ಗಂಟೆ ಕಳೆದಿತ್ತು. ನಡುವೆ ಒಮ್ಮೆ ಕಾಗದದ ಮೇಲೆ ಕಪ್ಪು ಗೆರೆ ಕಂಡು ಯಜಮಾನರು "ಹರೀತು! ಹರೀತು!" ಎಂದು ಬೊಬ್ಬೆ ಹೊಡೆದಿದ್ದರು. ಮಗಳು ಮಾವನನ್ನು ಬಿಲದಿಂದ ಎಳೆದು, ಓಡಿಬಂದು ಕಿಟಕಿಯಿಂದ ಇಣುಕಿ, "ಅಪ್ಪ, ಅದು ಇರುವೆ ಸಾಲು" ಎಂದಳು. ಗುಂಡಿಯಿಂದ ಹೆಗ್ಗಣನ ದನಿ ಬಂತು: "ಭಾವ, ಇನ್ನೊಂದ್ಸಲ ಇರುವೆಗೋಸ್ಕರ ನನ್ನ ಹೊರಗೆಳೆದ್ರೆ ನಿಮ್ಮನ್ನೇ ಒಳಗಿಳಿಸ್ತೀನಿ ನೋಡಿ!"

ಆಗಿನಿಂದ ಯಜಮಾನರ ಬಾಯಿಗೆ ಬೀಗ. ನೆಲದಡಿಯಿಂದ ಚರಚರನೆ ಕೆರೆಯುವ ಸದ್ದು ಬರುತ್ತಿದ್ದಷ್ಟು ಹೊತ್ತು ಅವರ ಉಸಿರೂ ಆಡುತ್ತಿತ್ತು. ಸದ್ದು ನಿಂತರೆ ಅದು ಮತ್ತೆ ಶುರುವಾಗುವ ತನಕ ಎಣಿಸುತ್ತಿದ್ದರು. ದೇವರೇ, ಅವಳನ್ನು ಕರೆದುಕೊಂಡೆ, ನಿನ್ನ ಚಿತ್ತವೆಂದು ತಲೆಬಾಗಿದೆ; ಇವನನ್ನು ಕೇಳಬೇಡ. ಅವಳ ಮೂಗು, ಅವಳ ನಗು ಇನ್ನು ಇವನ ಮುಖದಲ್ಲಷ್ಟೇ ಇದೆ.

ಆಗ ನೆಲದ ಮೇಲೆ ಚಿಟಿಕೆಯಷ್ಟು ಸುಣ್ಣದ ಪುಡಿ ಕಂಡಿತು. ಕಾಗದ ನೋಡಿದರು. ಇಡಿಯಾಗಿತ್ತು. ಸಮಾಧಾನವಾಯಿತು. ಸ್ವಲ್ಪ ಹೊತ್ತಿಗೆ ಇನ್ನೊಂದು ಚಿಟಿಕೆ ಉದುರಿತು. ಕೂಗಲೆಂದು ಬಾಯಿ ತೆರೆದವರು ಇರುವೆಯ ನೆನಪಾಗಿ ಮುಚ್ಚಿದರು. ಮೊಣಕಾಲೂರಿ ಮುಖವನ್ನು ಗೋಡೆಯ ಹತ್ತಿರಕ್ಕೆ ತಂದರು. ನಡುವೆ ಎಲ್ಲಿಯೂ ಹರಿದಿರಲಿಲ್ಲ. ಆದರೆ ಎಡಗಡೆಯ ತುದಿಯಲ್ಲಿ, ಕಾಗದದ ಅಂಚಿನಿಂದಾಚೆ, ಅಕ್ಕಿಕಾಳಿನಗಲ ಒಣಗಿದ ಅಂಟು ಬಯಲಾಗಿ ಕಾಣುತ್ತಿತ್ತು.

ಅವರ ಕೈ ಎಂದೂ ಕಾಗದದಾಚೆಗೆ ಅಂಟು ಬಿಟ್ಟದ್ದಿಲ್ಲ.

ಕಾಗದ ಹರಿಯಲಾರದೆ ಆ ತುದಿಯಲ್ಲಿ ಗೋಡೆಯಿಂದಲೇ ಕಿತ್ತು ಜಾರಿತ್ತು. ಗೋಡೆ ಜರುಗುತ್ತಿತ್ತು. ಯಾವಾಗಿನಿಂದಲೋ.

ಸ್ಟೂಲು ಉರುಳಿಸಿಕೊಂಡು ಬರಿಗಾಲಲ್ಲೇ ಹಿತ್ತಲಿಗೆ ಓಡಿದರು.

"ಎಳಿ! ಹಗ್ಗ ಎಳಿ!"

"ಮತ್ತೆ ಇರುವೆನಾ ಅಪ್ಪ?"

"ಎಳಿಯೇ!"

ಅವರ ಮುಖ ನೋಡಿ ಮಗಳು ಹಗ್ಗಕ್ಕೆ ಎರಡೂ ಕೈ ಹಾಕಿದಳು. ಇಬ್ಬರೂ ಜೋತುಬಿದ್ದು ಎಳೆದರು. "ಏನ್ರೀ ಇದು, ಒಂದು ಜಾಯಿಂಟು ಬಾಕಿ ಇದೆ!" ಎಂದು ಒಳಗಿನಿಂದ ಬೈಗುಳ ಕೇಳಿಸಿತು. ಕಾಲು ಬಂತು, ಮೊಣಕಾಲು ಬಂತು, ಸೊಂಟ ಬಂತು. ತಲೆ ಹೊರಬಿದ್ದು ಅವನು ಎದ್ದು ಕೂರುವುದರೊಳಗೆ ಹಿಂದೆ ಧುಪ್ಪೆಂದು ಮೆತ್ತನೆಯ ಸದ್ದಾಯಿತು. ಬಿಲದ ಬಾಯಿ ಕೆಟ್ಟ ಗಾಳಿ ಉಗುಳಿ ಮುಚ್ಚಿಕೊಂಡಿತು. ಅವನು ಒಳಗೇ ಬಿಟ್ಟುಬಂದ ದೀಪದ ಬೆಳಕು ಕಾಣಲಿಲ್ಲ.

ಹೆಗ್ಗಣ ತನ್ನ ಕಾಲುಗಳನ್ನು ಒಂದೊಂದಾಗಿ ಮುಟ್ಟಿ ನೋಡಿಕೊಂಡ.

"ಕಾಗದ ಹರಿದದ್ದು ಒಳ್ಳೇದಾಯ್ತು" ಎಂದ ಕಡೆಗೆ.

"ಹರೀಲಿಲ್ಲ" ಎಂದರು ಯಜಮಾನರು. "ನಾನು ಹರಿಯದ ಕಾಗದ ಹಾಕಿದ್ದೆ. ಅವಳ ಪುಸ್ತಕದ ಹಾಳೆ ಕೀಳೋಕೆ ಕೈ ಬರಲಿಲ್ಲ."

ಅವನು ಕೆಸರು ಉಗುಳಿ, "ಭೇಷ್ ಭಾವ. ಅಕ್ಕನ ಚೀಟಿ ಉಳಿಸೋಕೆ ಹೋಗಿ ಅವಳ ತಮ್ಮನನ್ನೇ ಹೂಳ್ತಿದ್ರಿ. ಅಕ್ಕ ಇದ್ದಿದ್ರೆ ಲಟ್ಟಣಿಗೆ ತಗೊಂಡು ಬರೋಳು" ಎಂದ. ನಗಲು ಹೋದ, ಆಗಲಿಲ್ಲ.

ಮರುದಿನ ಮಧ್ಯಾಹ್ನದ ಹೊತ್ತಿಗೆ ಗೋಡೆಗೆ ಜಾಕಿ ಕೊಟ್ಟು, ಕುಸಿದ ಮಣ್ಣು ತೆಗೆದು, ಬಿಲದ ಉದ್ದಕ್ಕೂ ಹಲಗೆ ಮತ್ತು ಮರದ ದಿಮ್ಮಿ ನಿಲ್ಲಿಸಿದರು. ಪೈಪು ಜೋಡಿಸಲು ಅವನು ಮತ್ತೆ ಇಳಿಯಲೇಬೇಕಿತ್ತು. ಯಜಮಾನರು ಪುಸ್ತಕ ತೆಗೆದು ಒಂದು ಹಾಳೆ ಕಿತ್ತರು. ಅದರಲ್ಲಿ ಹೆಂಡತಿಯ ಕೈಬರಹ: ಸೋಪು, ಉಪ್ಪು, ಬೆಂಕಿಪೊಟ್ಟಣ, ಹೆಗ್ಗಣನಿಗೆ ಕೆಮ್ಮಿನ ಔಷಧ. ತುದಿಗಳಿಗೆ ಮಾತ್ರ ಅಂಟು ಹಚ್ಚಿ, ಬಿರುಕು ಸರಿಯಾಗಿ ಕಡೆಯ ಸಾಲಿನ ನಡುವೆ ಬರುವಂತೆ ಅಂಟಿಸಿದರು. ಅದು ಒಣಗುವ ತನಕ ಅವನನ್ನು ಇಳಿಯಗೊಡಲಿಲ್ಲ.

ಅವನು ಇಳಿದ ಮೇಲೆ ಆ ಸಾಲನ್ನು ಎಷ್ಟು ಸಲ ಓದಿದರೋ ಲೆಕ್ಕವಿಲ್ಲ. ಕೆಳಗೆ ಸದ್ದು ನಿಂತಿತು. ಮಗಳು ಬಚ್ಚಲಿಗೆ ನೀರು ಸುರಿದಳು. ಎಲ್ಲೂ ಸೋರಲಿಲ್ಲವೆಂದು ಯಾರೋ ಕೂಗಿದಂತಾಯಿತು. ಅವರು ತಿರುಗಲಿಲ್ಲ.

"ಭಾವ, ಸಾಕು ನೋಡಿದ್ದು. ನಾನು ಇಲ್ಲೇ ಇದ್ದೀನಿ."

ಯಜಮಾನರು ಕಾಗದದಿಂದ ಕಣ್ಣು ಕೀಳದೆ ಕೈಯನ್ನು ಹಿಂದಕ್ಕೆ ಚಾಚಿದರು. ಕೆಸರಿನ ಒದ್ದೆ ತೋಳು ಸಿಕ್ಕಿತು. ಅದನ್ನು ಬಿಗಿಯಾಗಿ ಹಿಡಿದುಕೊಂಡು, ಇನ್ನೂ ಸ್ವಲ್ಪ ಹೊತ್ತು ನೋಡುತ್ತಲೇ ಕುಳಿತರು.