ಹದಿನೇಳು–ಹದಿನಾರು, ಮತ್ತು ಡಾಯ್ಲ್ ಪ್ರೂಯಿಟ್‌ಗೆ ಸಿಕ್ಕ ಎರಡು ನಿಮಿಷ

೧

ಹೇಗೆ ಶುರು ಮಾಡಲಿ? ಸ್ಕೋರಿನಿಂದ ಶುರು ಮಾಡಿದರೆ ಕಥೆ ಮೊದಲ ಸಾಲಿಗೇ ಮುಗಿದುಹೋಗುತ್ತದೆ. ನಮ್ಮ ಕಾಲೇಜು ಹಾರ್ಲನ್ ಸ್ಟೇಟ್ ಹದಿನೇಳು, ಎದುರಾಳಿ ಹದಿನಾರು. ಗೆದ್ದೆವು. ಗೆದ್ದ ಮೇಲೆ ಇನ್ನೆಂಥ ಕಥೆ ಎಂದು ನೀವು ಕೇಳಬಹುದು. ಅಲಬಾಮಾದ ನಮ್ಮ ಊರಿನಲ್ಲಿ ಕಾಲೇಜು ಫುಟ್‌ಬಾಲ್ (ಚೆಂಡನ್ನು ಕೈಯಲ್ಲಿ ಹಿಡಿದು ಓಡುವ ಅಮೆರಿಕದ ಆಟ) ತಂಡ ಸೋತ ಶನಿವಾರ ಜನ ಬಾಯಿ ಮುಚ್ಚಿಕೊಂಡು ಊಟ ಮಾಡಿ ಮಲಗುತ್ತಾರೆ. ಹೆಸರೇ ಕೇಳದ ಪುಟ್ಟ ಕಾಲೇಜಿನ ಮೇಲೆ ಒಂದೇ ಪಾಯಿಂಟಿನಲ್ಲಿ ಗೆದ್ದರೆ ಮಾತ್ರ ಎಲ್ಲರೂ ಫೋನ್ ಎತ್ತಿಕೊಳ್ಳುತ್ತಾರೆ. ಅವಮಾನವಾಗಿದೆ, ಆದರೆ ಅಳುವುದಕ್ಕೂ ಆಗುವುದಿಲ್ಲ. ಎಲ್ಲಾದರೂ ಕಕ್ಕಲೇಬೇಕು.

೨ (ಮೊದಲ ಡ್ರಾಫ್ಟ್, ಡಾಯ್ಲ್‌ಗೆ ಇಂಗ್ಲಿಷಿನಲ್ಲಿ ಓದಿ ಹೇಳಿ ಎರಡೇ ಸಾಲಿಗೆ ಕೈಬಿಟ್ಟದ್ದು)

"ಅರವತ್ತೇಳು ವರ್ಷದ ಡಾಯ್ಲ್ ಪ್ರೂಯಿಟ್ ಪಕ್ಕದ ಖಾಲಿ ಸೀಟನ್ನು ಒಮ್ಮೆ ಸವರಿ, ಒದ್ದೆಯಾದ ಕಣ್ಣುಗಳಿಂದ ಮೈದಾನವನ್ನು..."

"ಯಾರ ಕಣ್ಣು ಒದ್ದೆ?" ಎಂದ ಡಾಯ್ಲ್.

"ನಿನ್ನದು. ಕಥೆಗೆ ಸ್ವಲ್ಪ ಬೇಕಾಗ್ತದೆ."

"ನಾನು ಕಡ್ಲೇಕಾಯಿ ತಿಂತಾ ಕೋಚ್‌ನ ಬಯ್ತಾ ಕೂತಿದ್ದೆ ಮಾರಾಯ. ನಿನ್ನ ಭಾಷೆ ಓದೋಕೆ ಬರಲ್ಲ ಅಂದ್ಕೊಂಡು ಏನೇನೋ ಗೀಚ್ತೀಯ, ಅಲ್ವಾ? ಕಥೆ ಬರೀಬೇಡ. ಮ್ಯಾಚ್ ಬರಿ."

ಇವನನ್ನು ಪಾತ್ರ ಮಾಡಿಕೊಂಡದ್ದು ನನ್ನದೇ ತಪ್ಪು. ಇಪ್ಪತ್ತಾರು ವರ್ಷದಿಂದ ಎದುರು ಮನೆಯವನು. ನೀರಿನ ಇಲಾಖೆಯಲ್ಲಿ ಮೀಟರ್ ನೋಡುತ್ತಿದ್ದು ರಿಟೈರ್ ಆದವನು. ಬೇರೆಯವರ ಅಂಗಳದಲ್ಲಿ ಬಗ್ಗಿ ತಪ್ಪು ಹುಡುಕಿ ಅಭ್ಯಾಸವಾಗಿದೆ.

೩

ಸರಿ, ಮ್ಯಾಚ್. ಇದು ಅವನ ವಿಮರ್ಶೆ, ನನ್ನದಲ್ಲ.

"ಮುಂದಿನ ಸಾಲಲ್ಲಿ ಐದು ಜನ ನಿಂತಿರ್ತಾರೆ. ಒಬ್ಬೊಬ್ಬ ನೂರೈವತ್ತು ಕೇಜಿ. ಚೆಂಡು ಎಸೆಯೋನನ್ನ ಕಾಯೋದೊಂದೇ ಅವರ ಕೆಲಸ. ಕಾದ್ರಾ? ಬಾಗಿಲು ತೆಗೆದು ಬನ್ನಿ, ಕೂತ್ಕೊಳ್ಳಿ, ಕಾಫಿ ಕುಡೀತೀರಾ ಅಂದ್ರು. ಅದು ಹಾಳಾಗ್ಲಿ. ಮೂರನೇ ಕ್ವಾರ್ಟರ್. ಅವರು ಒದ್ದ ಚೆಂಡು ಆಕಾಶದಿಂದ ಬರ್ತಿದೆ, ನಮ್ಮ ಹನ್ನೊಂದನೇ ನಂಬರ್ ಹುಡುಗ ಹಿಡಿಯೋಕೆ ನಿಂತಿದಾನೆ. ಸುತ್ತ ಒಂದು ನರಪಿಳ್ಳೆ ಇಲ್ಲ. ಚೆಂಡು ಕೈಗೆ ಬರೋ ಮುಂಚೇನೇ ಓಡೋ ದಾರಿ ನೋಡ್ದ. ಬಿತ್ತು. ಅವರಿಗೆ ಸಿಕ್ತು. ಕೊನೇ ನಿಮಿಷದಲ್ಲಿ ಅವರು ಹದಿನಾರಕ್ಕೆ ಬಂದ್ರು. ಸಮ ಆಗೋಕೆ ಇನ್ನೊಂದು ಪಾಯಿಂಟಿಗೆ ಒದೆಯೋದು ಬಾಕಿ, ಮಕ್ಕಳೂ ಒದೀತಾರೆ, ಅದು ಗೋಲ್ ಕಂಬಕ್ಕೆ ಬಡಿದು ವಾಪಸ್ ಬಂತು. ನಾವು ಗೆಲ್ಲಲಿಲ್ಲಪ್ಪ. ಆ ಕಂಬ ಗೆಲ್ತು."

(ಓದುಗರೇ, ಇದರಲ್ಲಿ ನಿಮಗೆ ಅರ್ಥವಾಗದ್ದು ಏನಾದರೂ ಇದ್ದರೆ ಚಿಂತೆಯಿಲ್ಲ. ಹಿಡಿಯಬೇಕಾದ ಒಬ್ಬನು ಬೇರೆ ಕಡೆ ನೋಡಿದ ಎಂಬಷ್ಟು ತಿಳಿದರೆ ಸಾಕು.)

೪

ಪಂದ್ಯ ಮುಗಿದ ಹತ್ತು ನಿಮಿಷಕ್ಕೆ ಶುರುಮಾಡಿ ಸಂಜೆಯವರೆಗೂ ಊರಿನ ರೇಡಿಯೋದಲ್ಲಿ ಗ್ಲೆನ್ ಎಂಬುವನು ಕೇಳುಗರ ಫೋನ್ ತೆಗೆದುಕೊಳ್ಳುತ್ತಾನೆ. ಒಬ್ಬೊಬ್ಬರಿಗೆ ಎರಡು ನಿಮಿಷ. ಮನೆಯ ರೇಡಿಯೋ ಆರಿಸಿ ಮಾತಾಡಬೇಕು, ಕೆಟ್ಟ ಪದ ಆಡಬಾರದು, ಅಷ್ಟೇ ನಿಯಮ. ಈ ಸೀಸನ್‌ನಲ್ಲಿ ಡಾಯ್ಲ್ ಒಂದು ಮ್ಯಾಚೂ ಬಿಡದೆ ಫೋನ್ ಮಾಡಿದ್ದಾನೆ. ಅದಕ್ಕೂ ಹಿಂದೆ ಇಷ್ಟು ವರ್ಷದಲ್ಲಿ ಒಮ್ಮೆಯೂ ಮಾಡಿರಲಿಲ್ಲ. ಅಂಥ ಅಗತ್ಯವೇ ಬಿದ್ದಿರಲಿಲ್ಲ.

"ಅದನ್ನ ಯಾಕೆ ಬರೀತಿದೀಯ?" ಎಂದ ಅವನು.

ಬರೆಯಲೇಬೇಕು, ಡಾಯ್ಲ್. ಇಲ್ಲದಿದ್ದರೆ ಇದು ನಿನ್ನ ಮ್ಯಾಚ್ ರಿಪೋರ್ಟ್ ಆಗುತ್ತದೆ, ಅದನ್ನು ಯಾರೂ ಓದುವುದಿಲ್ಲ.

೫

ಸ್ಟೇಡಿಯಮ್ಮಿನ ಹನ್ನೆರಡನೇ ಸೆಕ್ಷನ್ನಿನಲ್ಲಿ ಅವನ ಪಕ್ಕದ ಸೀಟು ಅವನ ಅಕ್ಕ ವರ್ನೆಲ್‌ದು. ಅಕ್ಕನಿಗೆ ಎಪ್ಪತ್ತೊಂದು. ನಲವತ್ತು ವರ್ಷ ಇಬ್ಬರೂ ಒಂದೇ ಪಿಕಪ್ಪಿನಲ್ಲಿ ಹೋಗಿ ಒಂದೇ ಪಿಕಪ್ಪಿನಲ್ಲಿ ಜಗಳವಾಡುತ್ತಾ ಬರುತ್ತಿದ್ದರು. ಅವನು ಯಾರನ್ನು ಬಯ್ದರೂ ಆಕೆ ಅವರ ಪರ. ಅವನು ಹೊಗಳಿದವರಿಗೆ ಆಕೆಯ ಬಾಯಲ್ಲಿ ಉಳಿಗಾಲವಿರಲಿಲ್ಲ. ಅವರ ಜಗಳ ಕೇಳಿಸಿಕೊಳ್ಳಲೆಂದೇ ನಾನು ಎಷ್ಟೋ ಶನಿವಾರ ಹಿಂದಿನ ಸೀಟಿನಲ್ಲಿ ಕೂತು ಹೋಗಿದ್ದೇನೆ.

ಕಳೆದ ನವೆಂಬರಿನಲ್ಲಿ ವರ್ನೆಲ್‌ಳ ಗಂಡ ರಾಯ್ಸ್ ತೀರಿಕೊಂಡ. ಈ ಊರಿನಲ್ಲಿ ಮ್ಯಾಚಿರುವ ಶನಿವಾರ ಯಾರೂ ಮದುವೆ ಇಟ್ಟುಕೊಳ್ಳುವುದಿಲ್ಲ. ಆದರೆ ಸಾವು ಕ್ಯಾಲೆಂಡರ್ ನೋಡಲಿಲ್ಲ, ಮಗಳು ದೂರದಿಂದ ಬರಬೇಕಿತ್ತು, ಶನಿವಾರವೇ ಮಣ್ಣು ಎಂದಾಯಿತು. ಚರ್ಚಿನಲ್ಲಿ ಡಾಯ್ಲ್ ಎರಡನೇ ಸಾಲಿನಲ್ಲಿ ಕೆನ್ನೆಗೆ ಕೈಕೊಟ್ಟು ಕೂತಿದ್ದ. ಪಾಪ, ಎಷ್ಟು ನೊಂದಿದ್ದಾನೆ ಎಂದುಕೊಂಡೆವು. ಕೈಯೊಳಗೆ, ಕೋಟಿನ ತೋಳಿನಿಂದ ಬಂದ, ಮ್ಯಾಚ್ ಕೇಳುವ ರೇಡಿಯೋ ವಯರು ಕಿವಿಯಲ್ಲಿತ್ತು. ಪಾದ್ರಿ "ನಮ್ಮ ಸಹೋದರ ರಾಯ್ಸ್ ನಮ್ಮನ್ನು ಬಿಟ್ಟು ಹೊರಟ" ಎಂದು ಉಸಿರೆಳೆದುಕೊಂಡ ಹೊತ್ತಿಗೆ, ಇಡೀ ಚರ್ಚಿಗೆ ಕೇಳುವಂತೆ ಡಾಯ್ಲ್ ಹೇಳಿದ:

"ದೇವ್ರೇ, ಸದ್ಯ ಬಚಾವಾದ್ವಿ."

(ನಗು ಬಂದರೆ ನಕ್ಕುಬಿಡಿ. ನನಗೂ ಬಂದಿತ್ತು. ಇವತ್ತಿಗೂ ಅದಕ್ಕೆ ನಾಚಿಕೆಯಾಗುತ್ತದೆ.)

ವರ್ನೆಲ್ ಎದ್ದು ಬಂದಳು. ತಮ್ಮನ ಕಿವಿಯಿಂದ ವಯರು ತೆಗೆದಳು, ನೀಟಾಗಿ ಸುತ್ತಿದಳು, ಅವನ ಜೇಬಿಗೇ ಹಾಕಿ ಹಿಂದಿರುಗಿ ಕೂತಳು. ಅವತ್ತಿನಿಂದ ಹನ್ನೊಂದು ತಿಂಗಳು, ಅವನ ಜೊತೆ ಒಂದು ಮಾತಿಲ್ಲ. ಸ್ಟೇಡಿಯಮ್ಮಿಗೂ ಬಂದಿಲ್ಲ.

೬

"ಕ್ಷಮಿಸು ಅಂತ ಹೇಳಬೇಕಿತ್ತು," ಎಂದೆ.

"ಹೇಳಲಿಲ್ಲ ಅಂದ್ಕೊಂಡ್ಯಾ? ಎರಡು ಸಲ ಅವಳ ಬಾಗಿಲಿಗೆ ಹೋದೆ. ತೆಗೆದ್ಲು, ನೋಡಿದ್ಲು, ಹಾಕ್ಕೊಂಡ್ಲು. ಕಾಗದ ಬರ್ದೆ. ಒಡೆಯದೇ ವಾಪಸ್ ಬಂತು."

"ಅದಕ್ಕೇ ರೇಡಿಯೋನಾ?"

ಅವನು ನನ್ನನ್ನು ಒಂಥರಾ ನೋಡಿದ. "ನನ್ನ ಮುಖದ ಮೇಲೆ ಬಾಗಿಲು ಹಾಕ್ತಾಳೆ. ಗ್ಲೆನ್‌ನ ಆಫ್ ಮಾಡಲ್ಲ. ಸತ್ರೂ ಮಾಡಲ್ಲ. ಶನಿವಾರ ಅಡುಗೆಮನೇಲಿ ಪೆಕಾನ್ ಬೀಜ ಬಿಡಿಸ್ತಾ ಕೊನೇವರೆಗೂ ಕೇಳ್ತಾಳೆ. ಎರಡು ನಿಮಿಷ ನನ್ನ ದನಿ ಅವಳ ಮನೇಲಿರತ್ತೆ."

ಈ ಮಾತಿಗೆ ನನ್ನ ಬಳಿ ಬ್ರಾಕೆಟ್ ಇಲ್ಲ. ನಾನು ಅವನನ್ನು ಏಳು ವಾರದಿಂದ ಬರೀ ಗೊಣಗುವವನು ಎಂದುಕೊಂಡಿದ್ದೆ.

"ಹಾಗಿದ್ರೆ ಆ ಎರಡು ನಿಮಿಷದಲ್ಲಿ ಅದನ್ನೇ ಹೇಳು. ಐದು ಜನ ದಪ್ಪ ಹುಡುಗರನ್ನ ಬಯ್ಯೋದು ಯಾಕೆ?"

"ಆ ಕಾರ್ಯಕ್ರಮದಲ್ಲಿ ಅಂಥಾದ್ದೆಲ್ಲ ಹೇಳಲ್ಲಪ್ಪ. ಮ್ಯಾಚ್ ಬಗ್ಗೆ ಮಾತ್ರ." ಮತ್ತೆ ಸೇರಿಸಿದ: "ಅವಳು ಎಂಥವಳು ಅಂತ ನಿಂಗೊತ್ತು. ನಾನು ತಪ್ಪು ಹೇಳಿದ್ರೆ ಒಂದಲ್ಲ ಒಂದಿನ ತಡ್ಕೊಳ್ಳೋಕಾಗದೆ ತಿದ್ದೇ ತಿದ್ತಾಳೆ. ಅದಕ್ಕೇ ಬೇಕಂತ್ಲೇ ಕೆಲವು ತಪ್ಪು ಹೇಳ್ತೀನಿ."

೭ (ನಾನು ಬರೆದು ಹರಿದ ಎರಡು ಮುಕ್ತಾಯಗಳು)

ಅ. ವರ್ನೆಲ್ ಬನಾನಾ ಪುಡಿಂಗ್ ಹಿಡಿದು ಬಾಗಿಲಲ್ಲಿ ನಿಂತಿದ್ದಾಳೆ. ಇಬ್ಬರೂ ತಬ್ಬಿಕೊಂಡು ಅಳುತ್ತಾರೆ. (ಬರೆದ ನನಗೇ ನಂಬಿಕೆ ಬರಲಿಲ್ಲ. ಆಕೆಯ ಪುಡಿಂಗ್ ತಿಂದವರು ಬೇರೆ ಕಾರಣಕ್ಕೆ ಅಳುತ್ತಾರೆ.)

ಆ. ಡಾಯ್ಲ್ ಕೊನೆಗೂ ರೇಡಿಯೋದಲ್ಲಿ ಕ್ಷಮೆ ಕೇಳುತ್ತಾನೆ. ಅಲ್ಲಿ ಅಡುಗೆಮನೆಯಲ್ಲಿ ವರ್ನೆಲ್ ಕುರ್ಚಿಗೊರಗಿ ಆಗಲೇ ಪ್ರಾಣ ಬಿಟ್ಟಿದ್ದಾಳೆ.

"ನಮ್ಮಕ್ಕನ್ನ ಕೊಂದ್ಯಾ?" ಡಾಯ್ಲ್ ರಸ್ತೆ ದಾಟಿ ನನ್ನ ವರಾಂಡಕ್ಕೇ ಬಂದ. "ಕಥೆ ಮುಗಿಸೋಕೆ ಬರಲ್ಲ ಅಂತ ಒಬ್ಬಳನ್ನ ಸಾಯಿಸ್ತೀಯಾ? ನಿನಗಿಂತ ನಮ್ಮ ಕೋಚೇ ವಾಸಿ. ಹರಿ ಅದನ್ನ."

ಹರಿದೆ. ಅವನು ಚೂರುಗಳನ್ನು ತಾನೇ ಎತ್ತಿಕೊಂಡು ಹೋದ.

೮

ಇವತ್ತು ಮಧ್ಯಾಹ್ನ ಮೂರೂವರೆ, ಮ್ಯಾಚ್ ಮುಗಿದು ಒಂದು ಗಂಟೆಯ ಮೇಲೆ. ಅವನ ಅಡುಗೆಮನೆಯಲ್ಲಿ ನಾನೂ ಕೂತಿದ್ದೆ. ರೇಡಿಯೋ ಆರಿಸಿ ಅವನು ಲೈನಿಗೆ ಹೋದ.

"ಹೇಳಿ ಡಾಯ್ಲ್ ಸಾರ್. ಗೆದ್ವಲ್ಲ, ಇವತ್ತಾದ್ರೂ ಖುಷಿನಾ?"

"ಎಂಥಾ ಖುಷಿ, ಗ್ಲೆನ್? ಕಂಬಕ್ಕೆ ಥ್ಯಾಂಕ್ಸ್ ಹೇಳಿ ಮನೆಗೆ ಬಂದೆ." ಐದು ಜನರ ಸಾಲಿಗೆ ಬಯ್ಗುಳ ಮುಗಿಯಿತು. ಹನ್ನೊಂದನೇ ನಂಬರಿಗೆ ಬಂದ. "ಆ ಹುಡುಗನಿಗೆ ಕ್ಷಮೆ ಇಲ್ಲ. ಚೆಂಡು ಕೈಗೆ ಬರ್ತಿದೆ, ಇವನು ಎಲ್ಲೋ ನೋಡ್ತಿದಾನೆ. ಹಿಡ್ಕೋಬೇಕಾದ ಹೊತ್ತಲ್ಲಿ..."

ಫೋನಿನ ಆ ಕಡೆ ಗ್ಲೆನ್ ಕಾದ. ನಾನು ಏನನ್ನೂ ಬರೆಯಲಿಲ್ಲ, ಆಣೆ.

"ನಾನೂ ಹಂಗೇ ಮಾಡಿದೀನಿ, ಗ್ಲೆನ್. ಹೋದ ವರ್ಷ, ಒಂದು ಸಾವಿನ ಹೊತ್ತಲ್ಲಿ. ನನ್ನ ಪಕ್ಕದಲ್ಲಿ ಇರಬೇಕಾದೋರನ್ನ ಬಿಟ್ಟು ಬೇರೆ ಕಡೆ ನೋಡ್ತಿದ್ದೆ. ಬಿದ್ದೋಯ್ತು. ಇವತ್ತಿಗೂ ಎತ್ಕೊಳ್ಳೋಕಾಗಿಲ್ಲ."

"ಹೂಂ," ಎಂದ ಗ್ಲೆನ್. ಹದಿನೆಂಟು ವರ್ಷದ ಅವನ ಕಾರ್ಯಕ್ರಮದಲ್ಲಿ ಇಂಥದ್ದು ಬಂದಿರಲಿಕ್ಕಿಲ್ಲ. "ಅಂದ್ರೆ ಸಾರ್... ಮುಂದಿನ ವಾರ ಆ ಹುಡುಗನ್ನ ಹೊರಗೆ ಕೂರಿಸಬೇಕು ಅಂತೀರಾ?"

"ಗೊತ್ತಿಲ್ಲಪ್ಪ. ಇನ್ನೊಂದು ಚಾನ್ಸ್ ಕೊಡ್ಲಿ ಅಂತ ಆಸೆ."

ಫೋನ್ ಇಟ್ಟ. ನನ್ನ ಮುಖ ನೋಡಲಿಲ್ಲ. ಅವನ ಕಣ್ಣು ಹೇಗಿತ್ತು ಎಂದು ನಾನು ಬರೆಯುವುದಿಲ್ಲ, ಒಮ್ಮೆ ಬಯ್ಸಿಕೊಂಡಾಗಿದೆ. ಆ ಕ್ಷಣದಲ್ಲಿ ಅವನ ಮೇಲೆ ನನಗೆ ಬಹಳ ಪ್ರೀತಿ ಬಂತು.

೯

ರೇಡಿಯೋ ಹಾಕಿದೆವು. ಜಾಹೀರಾತು ಮುಗಿಯಿತು.

"ಮುಂದಿನ ಕಾಲ್, ಸ್ವೀಟ್‌ಗಮ್ ರಸ್ತೆಯಿಂದ ವರ್ನೆಲ್ ಅಂತ. ಇದೇ ಮೊದಲ ಸಲ ಮಾಡ್ತಿದಾರೆ. ಹೇಳಿ ಮೇಡಂ."

"ಈಗ ಮಾತಾಡಿದ್ರಲ್ಲ, ಅವರಿಗೆ ಫುಟ್‌ಬಾಲೇ ಗೊತ್ತಿಲ್ಲ." ದನಿಯಲ್ಲಿ ಸಿಟ್ಟು ಹಳೆಯದೇ. "ಆ ಹುಡುಗನಿಗೆ ಬಿಸಿಲು ಸೀದಾ ಕಣ್ಣಿಗೆ ಹೊಡೀತಿತ್ತು. ಅದಕ್ಕೇ ಮುಖ ತಿರುಗಿಸ್ದ. ಟೀವಿಲಿ ಚೆನ್ನಾಗಿ ಕಾಣ್ತಿತ್ತು. ಅವರು ಕೂರೋ ಕಡೆಯಿಂದ ಅದು ಕಾಣ್ಸಲ್ಲ, ಸೂರ್ಯ ಅವರ ಬೆನ್ನಿಗಿರ್ತಾನೆ."

"ಅವರು ಎಲ್ಲಿ ಕೂರ್ತಾರೆ ಅಂತ ನಿಮಗೆ ಹೆಂಗೊತ್ತು ಮೇಡಂ?" ಗ್ಲೆನ್ ನಕ್ಕ. "ನಿಮಗೇನಾಗ್ಬೇಕು ಅವರು?"

ಇಲ್ಲಿಗೆ ನಾನು ಪೆನ್ ಎತ್ತಿದೆ.

"ಬರಿ," ಎಂದ ಡಾಯ್ಲ್.

"ಏನಂತ?"

"ತಮ್ಮ ಅಂತ. ಒಂದೇ ಪದ. ಇಷ್ಟೆಲ್ಲ ಗೀಚಿದೀಯ, ಅಷ್ಟು ಬರೆಯೋಕಾಗಲ್ವಾ?"

ಬರೆಯಬಹುದು. ನನಗೇನೂ ಕಷ್ಟವಿಲ್ಲ, ನಿಮಗೂ ಅದೇ ಬೇಕಾಗಿದೆ. ಆದರೆ ಬರೆದರೆ ಅದು ನಾನು ಕೊಟ್ಟ ಮಾತಾಗುತ್ತದೆ, ಆಕೆ ಕೊಟ್ಟದ್ದಲ್ಲ. ಅವನಿಗೂ ಅದು ಹೊಳೆದಿರಬೇಕು. ಕೈಚಾಚಿ ನನ್ನ ಪುಸ್ತಕ ಮುಚ್ಚಿದ.

"ಬೇಡ ಬಿಡು. ಅವಳೇ ಹೇಳ್ಲಿ."

ನಾವಿಬ್ಬರೂ ರೇಡಿಯೋ ಹತ್ತಿರಕ್ಕೆ ಕುರ್ಚಿ ಎಳೆದುಕೊಂಡಿದ್ದೇವೆ. ಗ್ಲೆನ್ "ಮೇಡಂ? ಇದೀರಾ?" ಎನ್ನುತ್ತಿದ್ದಾನೆ. ಆಕೆ ಉಸಿರಾಡುವುದು ಕೇಳಿಸುತ್ತಿದೆ. ವರ್ನೆಲ್ ಇನ್ನೂ ಫೋನ್ ಇಟ್ಟಿಲ್ಲ.