ರೋವೀನಾ ಹೆಸರಿನ ಲಕೋಟೆಗಳು

ಡೆಲ್ಮರ್ ಪ್ರೂಯಿಟ್ ಇಪ್ಪತ್ತೆರಡು ವರ್ಷದಿಂದ ನಾರ್ಫೋಕ್ ಬಳಿಯ ಹಡಗುಕಟ್ಟೆಯಲ್ಲಿ ಜಲಾಂತರ್ಗಾಮಿಗಳ ವೈರಿಂಗ್ ಮಾಡುತ್ತಿದ್ದ. ಕೊರಳಲ್ಲಿ ಸರ್ಕಾರಿ ಬ್ಯಾಡ್ಜ್ ಇಲ್ಲದಿದ್ದರೆ ಅಲ್ಲಿ ಒಳಗೆ ಕಾಲಿಡುವಂತಿಲ್ಲ. ಐದು ವರ್ಷಕ್ಕೊಮ್ಮೆ ಅದಕ್ಕೊಂದು ಉದ್ದನೆಯ ಅರ್ಜಿ ತುಂಬಬೇಕು. ಕಟ್ಟದೆ ಬಿಟ್ಟ ಸಾಲ ಇದೆಯೇ ಎಂದೂ ಅದರಲ್ಲಿ ಕೇಳುತ್ತಾರೆ. ಸಾಲದಲ್ಲಿ ಮುಳುಗಿದವನನ್ನು ಶತ್ರುಗಳು ಸುಲಭವಾಗಿ ಕೊಂಡುಕೊಳ್ಳುತ್ತಾರಂತೆ. ಆ ಪ್ರಶ್ನೆಯ ಮುಂದೆ ಡೆಲ್ಮರ್ ‘ಇಲ್ಲ’ ಎಂದು ಗುರುತು ಹಾಕಿದ.

ತಿಂಗಳು ಕಳೆಯುವಷ್ಟರಲ್ಲಿ ಭದ್ರತಾ ಕಚೇರಿಯ ಮಿಸೆಸ್ ಪಿಕೆಟ್ ಕರೆಸಿಕೊಂಡು ಅವನ ಬ್ಯಾಡ್ಜ್ ಬಿಚ್ಚಿಸಿಕೊಂಡರು. ತೀರಿಹೋದ ಹೆಂಡತಿ ರೋವೀನಾಳ ಆಸ್ಪತ್ರೆ ಬಿಲ್ಲು, ಮೂವತ್ತೊಂದು ಸಾವಿರ ಡಾಲರ್, ಎರಡು ವರ್ಷದಿಂದ ಬಿಡಿಗಾಸೂ ಸಂದಿಲ್ಲ. ಹೊಣೆಗಾರನೆಂದು ಸಹಿ ಹಾಕಿದ್ದವನು ಡೆಲ್ಮರ್.

“ಸಾಲ ಈ ಊರಲ್ಲಿ ಯಾರಿಗಿಲ್ಲ ಹೇಳಿ? ನೀವು ಇಲ್ಲ ಅಂತ ಬರೆದುಬಿಟ್ರಲ್ಲ, ಕುತ್ತು ಬಂದಿರೋದು ಅದಕ್ಕೆ. ಮೂವತ್ತು ದಿನದೊಳಗೆ ಕಾರಣ ಬರೆದುಕೊಡಿ ಡೆಲ್ಮರ್, ಇಲ್ಲಾಂದ್ರೆ ಕೆಲಸ ಉಳಿಯಲ್ಲ.”

ಅವನು ಸುಳ್ಳು ಹೇಳಿರಲಿಲ್ಲ. ಆಸ್ಪತ್ರೆಯಿಂದ ಬಂದ ಲಕೋಟೆಗಳನ್ನು ಅವನು ಸಾಲವೆಂದು ಎಣಿಸಿಯೇ ಇರಲಿಲ್ಲ. ಸಮಾಧಿಯಾದ ಮರುವಾರ ಅಂಚೆ ಡಬ್ಬಿಯಲ್ಲಿ ‘ರೋವೀನಾ ಪ್ರೂಯಿಟ್’ ಎಂಬ ಹೆಸರು ಕಂಡಿತ್ತು. ಒಡೆಯಲು ಕೈ ಬರಲಿಲ್ಲ. ಅವಳು ಏಡಿ ಬೇಯಿಸುತ್ತಿದ್ದ ದೊಡ್ಡ ಪಾತ್ರೆಯೊಳಗೆ ಹಾಕಿ ಮುಚ್ಚಳ ಮುಚ್ಚಿದ. ಆಮೇಲೆ ಬಂದವೆಲ್ಲ ಅಲ್ಲಿಗೇ ಹೋದವು. ಕೂದಲೆಳೆಯಷ್ಟೂ ಆಚೀಚೆಯಾಗದಂತೆ ತಂತಿ ಎಳೆಯುವ ಮನುಷ್ಯ, ಒಂದು ಲಕೋಟೆಯ ಅಂಚು ಹರಿಯಲಾರದೆ ಹೋದ. ಪೆದ್ದುತನ ಎನ್ನುವವರು ಎನ್ನಲಿ, ನಾನಂತೂ ಜಗಳಕ್ಕೆ ಬರುವುದಿಲ್ಲ.

ಭಾನುವಾರ ರೋವೀನಾಳ ಅಕ್ಕ ಅರ್ಲೀನ್ ಸುದ್ದಿ ಕೇಳಿ ಚರ್ಚಿನಿಂದ ನೇರ ಅವನ ಮನೆಗೇ ಬಂದು, ಪಾತ್ರೆಯನ್ನು ಮೇಜಿನ ಮೇಲೆ ಬೋರಲು ಹಾಕಿದಳು. ಎಪ್ಪತ್ತಕ್ಕೂ ಹೆಚ್ಚು ಲಕೋಟೆ. ತಾರೀಕಿನ ಪ್ರಕಾರ ಜೋಡಿಸಿ ಒಂದೊಂದಾಗಿ ಒಡೆಯತೊಡಗಿದಳು. ಮೂರನೆಯದರಲ್ಲಿ ಅವಳ ಕೈ ನಿಂತಿತು. ಅದು ಆಸ್ಪತ್ರೆಯ ಸಹಾಯನಿಧಿಯ ಕಾಗದ. ಮನೆಯವರು ಅರವತ್ತು ದಿನದೊಳಗೆ ಜೊತೆಗಿಟ್ಟ ಫಾರಂ ತುಂಬಿ ಕಳಿಸಿದರೆ ಇಡೀ ಬಾಕಿಯನ್ನು ಮನ್ನಾ ಮಾಡುತ್ತೇವೆ ಎಂದಿತ್ತು.

“ಒಂದು ಸಹಿ ಮಾರಾಯ, ಒಂದೇ ಒಂದು ಸಹಿ. ಏನಾಗಿತ್ತು ನಿನಗೆ?”

“ಅವಳ ಹೆಸರಿಗೆ ಇನ್ಯಾರೂ ಕಾಗದ ಬರೀತಿರ್ಲಿಲ್ಲ, ಅರ್ಲೀನ್.”

ಬೈಯಲೆಂದೇ ಬಂದವಳು ಕಣ್ಣೊರೆಸಿಕೊಂಡು ಮಿಕ್ಕವನ್ನೂ ಒಡೆದಳು.

ಕಾರಣ ಬರೆಯುವಾಗ ಡೆಲ್ಮರ್ ಇದನ್ನೇ ನಾಲ್ಕು ಸಾಲಿನಲ್ಲಿ ಬರೆದ. ಅದಷ್ಟೇ ಸಾಲದು, ಕಂತು ಗೊತ್ತುಮಾಡಿಕೊಂಡ ದಾಖಲೆಯೂ ಬೇಕು ಎಂದರು ಪಿಕೆಟ್. ಆಸ್ಪತ್ರೆಯ ಬಾಕಿ ವಸೂಲಿ ಮಾಡುವ ಕಂಪನಿಗೆ ಫೋನು ಮಾಡಿದ. ತಿಂಗಳಿಗೆ ನಾನೂರು ಡಾಲರಿಗೆ ಅವರು ಒಪ್ಪಿದರು, ಆದರೆ ಖಾತೆ ಅವನ ಹೆಸರಿಗೆ ಬದಲಾಗಬೇಕಿತ್ತು.

“ಹಳೇ ಹೆಸರು ತೆಗೆದುಬಿಡ್ಲಾ ಸರ್?” ಎಂದಳು ಆ ಕಡೆಯ ಹುಡುಗಿ. ಲೈನು ಹೋಯಿತೇನೋ ಎಂದು ಅವಳು ಎರಡು ಸಲ ಹಲೋ ಎಂದಳು.

“ತೆಗೀರಿ.”

ಐದು ತಿಂಗಳು ಸಂಬಳವಿಲ್ಲದೆ ಕೂತ. ರೋವೀನಾಳ ಜೊತೆ ಏಡಿ ಹಿಡಿಯಲು ಹೋಗುತ್ತಿದ್ದ ದೋಣಿಯನ್ನೂ ಮಾರಿದ. ಕೊನೆಗೆ ಬ್ಯಾಡ್ಜ್ ವಾಪಸ್ ಬಂತು. ಪಿಕೆಟ್ ತಾವೇ ಅದನ್ನು ಅವನ ಕೊರಳಿಗೆ ಹಾಕಿದರು.

ಅಂದು ಸಂಜೆ ಅಂಚೆ ಡಬ್ಬಿಯಲ್ಲಿ ಒಂದೇ ಲಕೋಟೆ ಇತ್ತು. ಮೇಲೆ ‘ಡೆಲ್ಮರ್ ಪ್ರೂಯಿಟ್’ ಎಂದಿತ್ತು. ನಿಂತಲ್ಲೇ ಒಡೆದು ಓದಿದ. ಆಮೇಲೆ ಡಬ್ಬಿಯೊಳಗೆ ಕೈ ಹಾಕಿ ತುದಿಯವರೆಗೂ ತಡಕಿದ. ಬೇರೇನೂ ಇರಲಿಲ್ಲ.