ಯಾಸೆನ್ ಕಳಿಸಿದ ಕಾರ್ಡು

ತೆಮೆನುಗಾ ಚಿಕ್ಕಮ್ಮ ನನ್ನನ್ನು ಕರೆಸಿದ್ದು ಕಂಪ್ಯೂಟರ್ ರಿಪೇರಿಗಲ್ಲ, ಸಾಕ್ಷಿ ಹಾಕುವುದಕ್ಕೆ. ಬಾಗಿಲು ತೆಗೆದವರೇ ಒಂದು ಹಾಳೆ ಕೈಗಿಟ್ಟರು. ಅದು ಪೊಲೀಸರಿಗೆ ಬರೆದ ದೂರು. ಒಡಹುಟ್ಟಿದ ತಮ್ಮ ಯಾಸೆನ್ ಬೇಕೆಂದೇ ವಿಷದ ಕಾರ್ಡು ಕಳಿಸಿ ನನ್ನ ಕಂಪ್ಯೂಟರ್ ಹಾಳು ಮಾಡಿದ್ದಾನೆ, ಅವನನ್ನು ವಿಚಾರಿಸಬೇಕು ಎಂದು ಸ್ಫುಟವಾದ ಅಕ್ಷರದಲ್ಲಿತ್ತು. ಕೆಳಗೆ "ತಿಳಿದವರು: ಓಗ್ನ್ಯಾನ್" ಎಂದು ನನ್ನ ಹೆಸರನ್ನೂ ಬರೆದಿದ್ದರು. ರುಜು ಹಾಕುವುದಷ್ಟೇ ಬಾಕಿ.

ರೂಸೆ ಊರಿನಲ್ಲಿ ಮನೆಮನೆ ಸುತ್ತಿ ಕಂಪ್ಯೂಟರ್ ಸರಿಮಾಡುವವನು ನಾನು. ಜನ ಕಂಡಕಂಡದ್ದನ್ನೆಲ್ಲ ಒತ್ತಿ, ಆಮೇಲೆ "ನಾನೇನೂ ಮುಟ್ಟಿಲ್ಲಪ್ಪ" ಅನ್ನುವುದನ್ನು ಕೇಳಿ ಕೇಳಿ ನನ್ನ ಸ್ವಭಾವವೇ ಸಿಡುಕಾಗಿದೆ. ಆದರೆ ತಮ್ಮನ ಮೇಲೆ ಅಕ್ಕ ದೂರು ಬರೆದದ್ದನ್ನು ನೋಡಿದ್ದು ಇದೇ ಮೊದಲು. ರುಜು ಆಮೇಲೆ, ಮೊದಲು ಕಂಪ್ಯೂಟರ್ ನೋಡುತ್ತೇನೆ ಎಂದು ಕುರ್ಚಿ ಎಳೆದುಕೊಂಡೆ.

ಜಗಳ ಐದು ವರ್ಷ ಹಳೆಯದು. ಹಳ್ಳಿಮನೆಯಲ್ಲಿ ಅವರಿಬ್ಬರ ತಾಯಿ ನೆಟ್ಟ ಚೆರಿ ಮರವನ್ನು ಯಾಸೆನ್ ಕಾರು ನಿಲ್ಲಿಸಲು ಜಾಗ ಬೇಕೆಂದು ಕಡಿಸಿದ್ದರು, ಅಕ್ಕನನ್ನು ಒಂದು ಮಾತು ಕೇಳದೆ. ಅಂದಿನಿಂದ ಇಬ್ಬರಿಗೂ ಮಾತಿಲ್ಲ. ಎರಡು ಮನೆಗಳ ನಡುವೆ ಇರುವುದು ನಾಲ್ಕೇ ಬಸ್ ನಿಲ್ದಾಣ. ಅಕ್ಕನದು ಹೂವಿನ ಹೆಸರು, ತಮ್ಮನದು ಮರದ ಹೆಸರು, ಹಾಗಾಗಿ ಇಬ್ಬರ ಹೆಸರಿನ ಹಬ್ಬವೂ ಈಸ್ಟರಿಗೆ ಒಂದು ವಾರ ಮುಂಚಿನ ಹೂವಿನ ಭಾನುವಾರವೇ. ಹೂವು, ಮರದ ಹೆಸರಿನವರೆಲ್ಲ ಹುಟ್ಟುಹಬ್ಬದಂತೆ ಆಚರಿಸುವ ಈ ಹೆಸರಿನ ಹಬ್ಬಕ್ಕೆ ನಮ್ಮಲ್ಲಿ ಯಾರೂ ಯಾರನ್ನೂ ಕರೆಯುವುದಿಲ್ಲ. ಬೇಕಾದವರು ತಾವಾಗಿ ಬರುತ್ತಾರೆ, ಹಬ್ಬದವರು ಅಡುಗೆ ಮಾಡಿಟ್ಟು ಮನೆಯಲ್ಲೇ ಇರಬೇಕು. ಹೀಗೆ ಐದು ವರ್ಷದಿಂದ ಇಬ್ಬರೂ ಒಂದೇ ದಿನ ತಂತಮ್ಮ ಮನೆಯಲ್ಲಿ ಹಬ್ಬದ ಮೀನು ಬೇಯಿಸಿಕೊಂಡು, ಇನ್ನೊಬ್ಬರು ಬರಲಿಲ್ಲವೆಂದು ಹಲ್ಲು ಕಡಿಯುತ್ತ ಕೂತಿದ್ದರು.

ಈ ಸಲ ಹಬ್ಬದ ಬೆಳಗ್ಗೆ ಯಾಸೆನ್ ಹೆಸರಿನಲ್ಲಿ ಒಂದು ಮೇಲ್ ಬಂತು. ನಿನಗೊಂದು ಕಾರ್ಡಿದೆ, ತೆರೆದು ನೋಡು ಎಂದು ಇಂಗ್ಲಿಷಿನಲ್ಲಿತ್ತು. ಹಡಗಿನಲ್ಲಿ ಮೆಕ್ಯಾನಿಕ್ ಆಗಿದ್ದವನು, ಇಂಗ್ಲಿಷಿನ ಜಂಬ ಇನ್ನೂ ಇಳಿದಿಲ್ಲ ಎಂದುಕೊಂಡೇ ಚಿಕ್ಕಮ್ಮ ತೆರೆದರಂತೆ. ಕಾರ್ಡೇನೂ ಕಾಣಲಿಲ್ಲ. ಆದರೂ ಓಡಿಹೋಗಿ ಇನ್ನೊಂದು ಮೀನು ತಂದು, ಮೇಜಿನ ಮೇಲೆ ಇನ್ನೊಂದು ತಟ್ಟೆ ಇಟ್ಟು, ಕತ್ತಲಾಗುವವರೆಗೆ ಕಾದರು. ತಮ್ಮ ಬರಲಿಲ್ಲ. ಮರುದಿನ ನೋಡಿದರೆ ಕಂಪ್ಯೂಟರಿನಲ್ಲಿದ್ದ ತಾಯಿಯ ಫೋಟೊ ಒಂದೂ ತೆರೆಯಲಿಲ್ಲ. "ನಿನ್ ತಮ್ಮ ವೈರಸ್ ಕಳಿಸಿದಾನೆ" ಎಂದು ಮೇಲಿನ ಮನೆಯಾಕೆ ಹೇಳಿದ್ದೇ ಸಾಕಾಯಿತು.

ಕಂಪ್ಯೂಟರಿನೊಳಗೆ ನೋಡಿದೆ. ಅಲ್ಲಿ ಸಂತೆಯೇ ನೆರೆದಿತ್ತು.

"ವೈರಸ್ ತಾನೆ? ಹಾಗಂತ ಬರಿ, ರುಜು ಹಾಕು" ಎಂದರು ಚಿಕ್ಕಮ್ಮ.

"ಕೆಟ್ಟದ್ದೆಲ್ಲಾ ವೈರಸ್ ಅಲ್ಲ ಚಿಕ್ಕಮ್ಮ. ಯಾವ್ದು ಅಂತ ಗೊತ್ತಾಗ್ದೆ ಯಾರದು ತಪ್ಪು ಅಂತ ಹೇಗೆ ಹೇಳ್ಲಿ?"

ಒಂದೊಂದನ್ನೇ ತೋರಿಸಿದೆ. ವೈರಸ್ ಎಂಬುದು ಬೇರೊಂದು ಫೈಲಿಗೆ ಅಂಟಿಕೊಂಡು ಬಂದು, ಅದನ್ನು ತೆರೆದಾಗ ಜೀವ ಪಡೆದು ಪಕ್ಕದ ಫೈಲುಗಳಿಗೂ ಅಂಟುತ್ತದೆ. ಅಂಥದ್ದು ಒಂದಿತ್ತು, ತಾಯಿಯ ಫೋಟೊ ತೆರೆಯದಂತೆ ಮಾಡಿದ್ದು ಅದೇ. ಅವರು ಇಸ್ಪೀಟಾಟವೆಂದು ಇಳಿಸಿಕೊಂಡದ್ದು ಟ್ರೋಜನ್. ಅದು ಹೊರಗೆ ಆಟ ಆಡಿಸುತ್ತ, ಒಳಗಿಂದ ಕಳ್ಳರಿಗೆ ಹಿತ್ತಿಲ ಬಾಗಿಲು ತೆಗೆದಿಡುತ್ತದೆ. ಇನ್ನೊಂದು ಇವರು ಒತ್ತುವ ಅಕ್ಷರವನ್ನೆಲ್ಲ ಗುಟ್ಟಾಗಿ ಬರೆದುಕೊಂಡು ಎಲ್ಲಿಗೋ ವರದಿ ಕಳಿಸುತ್ತಿತ್ತು. ಅದು ಮೇಲಿನ ಮನೆಯವಳೇ ಸರಿ ಎಂದರು ಚಿಕ್ಕಮ್ಮ, ನಗದೆ.

"ಇದ್ರಲ್ಲಿ ಯಾಸೆನ್ ಕಳಿಸಿದ್ದು ಯಾವ್ದು?"

"ಇವ್ಯಾವುದೂ ಅಲ್ಲ. ಕಾರ್ಡಲ್ಲಿ ಬಂದಿದ್ದು ಹುಳ, ವರ್ಮ್ ಅಂತಾರೆ. ಅದನ್ನ ಯಾರೂ ಕಳಿಸ್ಬೇಕಾಗಿಲ್ಲ. ಒಂದು ಕಂಪ್ಯೂಟರ್ ಹೊಕ್ಕರೆ ಅಲ್ಲಿರೋ ವಿಳಾಸದ ಪಟ್ಟಿ ತೆಗೆದು, ಆ ಕಂಪ್ಯೂಟರಿನವರ ಹೆಸರಲ್ಲಿ ತಾನೇ ಎಲ್ರಿಗೂ ಬರೆಯುತ್ತೆ."

"ಅಂದ್ರೆ ಅವನು ಬರೀಲಿಲ್ವಾ?"

"ಇಲ್ಲ. ಅವರಿಗೆ ಗೊತ್ತೂ ಇರಲ್ಲ."

ಸಮಾಧಾನವಾಗುತ್ತದೆ ಎಂದುಕೊಂಡಿದ್ದೆ. ಚಿಕ್ಕಮ್ಮನ ಮುಖ ಇಳಿದುಹೋಯಿತು. ತಪ್ಪು ತಮ್ಮನದಲ್ಲ ಎನ್ನಲು ಹೋಗಿ ಶುಭಾಶಯವೂ ತಮ್ಮನದಲ್ಲ ಎಂದಂತಾಯಿತು. ನನ್ನ ಬಾಯಿಗೆ ನಾನೇ ಹೊಡೆದುಕೊಳ್ಳಬೇಕೆನಿಸಿತು.

ಏನು ಮಾಡಲೂ ತೋಚದೆ ಆ ಮೇಲನ್ನೇ ಅಪಾಯವಾಗದಂತೆ ತೆಗೆದು, ಯಾರಿಗೆ ಎಂಬ ಸಾಲನ್ನು ನೋಡಿದೆ. ಅಲ್ಲಿ ತೆಮೆನುಗಾ ಎಂದಿರಲಿಲ್ಲ. "ಅಕ್ಕ" ಎಂದಿತ್ತು.

ಚಿಕ್ಕಮ್ಮ ಕನ್ನಡಕ ಹಾಕಿಕೊಂಡು ಪರದೆಗೆ ಮೂಗು ತಾಗುವಷ್ಟು ಬಾಗಿದರು. "ಇದನ್ನೂ ಹುಳಾನೇ ಬರೀತಾ?"

"ನೀವು ಅವರ ಅಕ್ಕ ಅಂತ ಹುಳಕ್ಕೆ ಹೇಗೆ ಗೊತ್ತಾಗ್ಬೇಕು? ಅವರು ತಮ್ಮ ಪಟ್ಟಿಲಿ ಹೇಗೆ ಬರ್ಕೊಂಡಿದಾರೋ ಹಾಗೇ ಎತ್ಕೊಂಡು ಬಂದಿದೆ."

"ನಾನು ವಿಳಾಸ ಕೊಟ್ಟಿಲ್ವಲ್ಲೋ. ಈ ಕಂಪ್ಯೂಟರ್ ತಗೊಂಡಿದ್ದೇ ಜಗಳ ಆದ್ಮೇಲೆ."

"ಹಾಗಾದ್ರೆ ಯಾರನ್ನೋ ಕೇಳಿ ಇಸ್ಕೊಂಡಿದಾರೆ."

ಚಿಕ್ಕಮ್ಮ ದೂರಿನ ಹಾಳೆಯನ್ನು ಮಡಚಿದರು, ಮತ್ತೆ ಮಡಚಿದರು, ಇನ್ನು ಮಡಚಲಾಗದಷ್ಟು ಚಿಕ್ಕದಾದ ಮೇಲೆ ಒಲೆಯ ಪಕ್ಕದ ಕಸದ ಬುಟ್ಟಿಗೆ ಹಾಕಿದರು.

ಇನ್ನೊಂದು ಕೆಲಸವಿತ್ತು. ಹುಳ ಇವರ ಕಂಪ್ಯೂಟರಿನಿಂದಲೂ ಅದೇ ಭಾನುವಾರ ಕಾರ್ಡು ಕಳಿಸಿತ್ತು. ಪಟ್ಟಿಯಲ್ಲಿದ್ದವರಿಗೆಲ್ಲ ಫೋನ್ ಮಾಡಿ, ತೆರೆಯಬೇಡಿ ಎಂದು ಎಚ್ಚರಿಸಬೇಕು ಎಂದೆ. ಚಿಕ್ಕಮ್ಮ ಹೆಸರುಗಳನ್ನು ಗಟ್ಟಿಯಾಗಿ ಓದಿದರು. ಹನ್ನೊಂದಿತ್ತು, ಓದಿದ್ದು ಹತ್ತು.

"ಒಂದು ಬಿಟ್ರಿ."

"ಕಣ್ಣು ಮಂಜು ಕಣೋ."

ಕೊನೆಯ ಹೆಸರು ಯಾಸೆನ್. ಇವರಿಗೆ ಆ ವಿಳಾಸ ಎಲ್ಲಿ ಸಿಕ್ಕಿತೆಂದು ನಾನು ಕೇಳಲಿಲ್ಲ. ಫೋನನ್ನು ಎತ್ತಿ ಕೈಗಿಟ್ಟೆ.

ಎಂಜಿನ್ನಿನ ಸದ್ದಿನಲ್ಲಿ ಕೂಗಿ ಅಭ್ಯಾಸವಾದ ಯಾಸೆನ್ ಗಂಟಲು ನನಗೂ ಕೇಳಿಸುತ್ತಿತ್ತು.

"ಯಾಸೆನ್, ನಾನು" ಎಂದರು ಚಿಕ್ಕಮ್ಮ. "ಭಾನುವಾರ ನನ್ನಿಂದ ಒಂದು ಕಾರ್ಡು ಬಂತಾ?"

"ಬಂತು. ಬಂದ ತಕ್ಷಣ ತೆರೆದೆ. ಕಾರ್ಡು ಕಾಣಲಿಲ್ಲ, ಆದ್ರೂ ನಿನ್ನ ಹೆಸರಿತ್ತಲ್ಲ. ಇನ್ನೊಂದು ತಟ್ಟೆ ಇಟ್ಕೊಂಡು ಕತ್ತಲಾಗೋವರೆಗೂ ಕಾದೆ ಅಕ್ಕ. ನೀನು ಬರ್ಲಿಲ್ಲ."

ಚಿಕ್ಕಮ್ಮ ನನ್ನ ಕಡೆ ನೋಡಿದರು. ಯಾರೂ ಬರೆಯದ ಕಾರ್ಡು ಅದು ಎಂದು ಒಂದು ಗಂಟೆಯಿಂದ ಪಾಠ ಹೇಳಿದವನು ನಾನು. ಅವರು ನನಗೆ ಬೆನ್ನು ತಿರುಗಿಸಿ ನಿಂತರು.

"ಕಳಿಸಿದ್ದು ನಾನೇ. ಬರೋಕೆ ಧೈರ್ಯ ಸಾಲಲಿಲ್ಲ. ಈಗ ಬರ್ತೀನಿ, ಮನೇಲೇ ಇರು."

ಅತ್ತ ಕಡೆಯಿಂದ ಕುರ್ಚಿ ಸರಿಸಿದ ಸದ್ದು ಕೇಳಿಸಿತು. ಚಿಕ್ಕಮ್ಮ ಕೋಟಿನ ಗುಂಡಿಯನ್ನೂ ಹಾಕದೆ ಮೆಟ್ಟಿಲಿಳಿದು ಹೋದರು. ಉಳಿದ ಹತ್ತು ಜನರಿಗೆ ನಾನೇ ಫೋನ್ ಮಾಡಿದೆ.